ಕಡಲಂಚಿನ ಮನೆಗಳ ಚರ್ಚೆ: ಎಲ್ಲರೂ ಓದಿ

ಕಡಲಂಚಿನ ಮನೆ ಬಿಡಲು ಒಪ್ಪದವರನ್ನು ಹಟಮಾರಿಗಳು ಅಂತ ಇಲ್ಲಿ ಬರೆಯಬೇಡಿ, ದಯವಿಟ್ಟು. ಕಡಲ ನೀರು ಏರುತ್ತಿರುವುದು ಅವರಿಗೂ ಗೊತ್ತು, ಬಾವಿ ನೀರು ಉಪ್ಪಾದಾಗ ಮೊದಲು ಬಾಯಿಗೆ ಹಾಕಿಕೊಂಡವರು ಅವರೇ ಅಲ್ವಾ? ಅವರ ಪ್ರಶ್ನೆಗಳೇ ಬೇರೆ. ದೋಣಿ ಎಲ್ಲಿ ಕಟ್ಟುವುದು, ಅಕ್ಕಪಕ್ಕದವರೂ ಜೊತೆಗೆ ಬರುತ್ತಾರಾ, ಹಿರಿಯರ ಸಮಾಧಿ ಏನಾಗುತ್ತದೆ? ಫಿಜಿ ದೇಶದ ವುನಿಡೊಗೊಲೊವಾ ಹಳ್ಳಿಯವರು 2014ರಲ್ಲಿ ಇಡೀ ಊರಾಗಿ ಎತ್ತರದ ಜಾಗಕ್ಕೆ ಹೋದರು, ಅದೂ ತಮ್ಮದೇ ನೆಲದೊಳಗೆ. ಪನಾಮಾದ ಗಾರ್ಡಿ ಸುಗ್ದುಬ್ ದ್ವೀಪದಿಂದ 2024ರಲ್ಲಿ ಸುಮಾರು 300 ಕುಟುಂಬಗಳು ಹೊರಟವು, ಕೆಲವರು ಉಳಿದುಕೊಂಡರು. ಸುಮ್ನೆ ಪರಿಹಾರದ ಮೊತ್ತ ಹೇಳಿ ಸಹಿ ಕೇಳಿದರೆ ಯಾರು ತಾನೇ ಕದಲುತ್ತಾರೆ? ಹೊಸ ಜಾಗ ಆರಿಸುವಾಗಲೇ ಅವರನ್ನು ಕೂರಿಸಿ ಕೇಳಬೇಕು, ಇದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮದು ಬೇರೆ ಇದ್ದರೆ ಧಾರಾಳವಾಗಿ ಬರೆಯಿರಿ, ಬೈಗುಳ ಮಾತ್ರ ಬೇಡ.