ಹೋಗುವ ಗಂಟೆ ಬೇರೆ, ಬರುವ ಗಂಟೆ ಬೇರೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯ ಚೌಕಟ್ಟಿನಲ್ಲಿ ‘ಮುಂಬೈ–ನ್ಯೂಯಾರ್ಕ್: 12,500 ಕಿ.ಮೀ., 14 ಗಂಟೆ’ ಎಂದು ಅಚ್ಚಾಗಿತ್ತು. ದೂರದ ಬಗ್ಗೆ ತಕರಾರಿಲ್ಲ. ಆ ಹದಿನಾಲ್ಕು ಎಲ್ಲಿಂದ ಬಂತೆಂಬುದೂ ಗೊತ್ತಾಯಿತು: ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದುಕೊಂಡು ಭಾಗಿಸಿದ್ದೀರಿ. ಪಾಲಿಕೆಯ ಕನ್ನಡ ಶಾಲೆಯಲ್ಲಿ ಇಪ್ಪತ್ತೇಳು ವರ್ಷ ಭೂಗೋಳ ಕಲಿಸಿದವಳು ನಾನು. ಮಕ್ಕಳು ಹೀಗೆ ಬರೆದರೆ ಅರ್ಧ ಅಂಕ ಕೊಡುತ್ತಿದ್ದೆ.

ಮಗಳ ಎರಡು ಬಾಣಂತನಕ್ಕೆಂದು ನಾನೂ ಯಜಮಾನರೂ ಈ ದಾರಿಯಲ್ಲಿ ಎರಡು ಸಲ ಹೋಗಿ ಬಂದಿದ್ದೇವೆ. ಮೊದಲ ಸಲ, ಡಿಸೆಂಬರಿನಲ್ಲಿ, ರಾತ್ರಿ 1ಕ್ಕೆ ಹೊರಟು ಬೆಳಿಗ್ಗೆ 7ಕ್ಕೆ ತಲುಪುವುದೆಂದು ಟಿಕೆಟಿನಲ್ಲಿತ್ತು. ‘ಆರೇ ಗಂಟೆಗೆ ಅಮೆರಿಕವೇ? ಕುಂದಾಪುರಕ್ಕೇ ಮತ್ಸ್ಯಗಂಧ ರೈಲಿನಲ್ಲಿ ಒಂದು ರಾತ್ರಿ ಬೇಕಲ್ಲ!’ ಎಂದು ಪಕ್ಕದ ಮನೆಯವರು ಬೆರಗಾದರು. ಚಳಿಗಾಲದಲ್ಲಿ ನ್ಯೂಯಾರ್ಕಿನ ಗಡಿಯಾರ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಒಂಬತ್ತೂವರೆ. ಕೂಡಿಸಿ ನೋಡಿ, ಹದಿನಾರೂವರೆ ಗಂಟೆ. ಫೆಬ್ರವರಿಯಲ್ಲಿ ಮರಳುವಾಗ ಮಧ್ಯಾಹ್ನ 12ಕ್ಕೆ ಹೊರಟು ಮರುದಿನ ಮಧ್ಯಾಹ್ನ 1ಕ್ಕೆ ಮುಂಬೈ ವಿಮಾನ ನಿಲ್ದಾಣವಿರುವ ಸಹಾರ್‌ನಲ್ಲಿ ಇಳಿದೆವು. ನೋಡಲು ಇಪ್ಪತ್ತೈದು ಗಂಟೆ, ಕಳೆದರೆ ಹದಿನಾಲ್ಕೂವರೆ.

ಅದೇ ದೂರಕ್ಕೆ ಎರಡು ಗಂಟೆಯ ವ್ಯತ್ಯಾಸ ಏಕೆ? ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಬರುವಾಗ ಬೆನ್ನಿಗೆ, ಹೋಗುವಾಗ ಎದುರಿಗೆ. ಚಳಿಗಾಲದಲ್ಲಿ ಅದರ ರಭಸ ಇನ್ನೂ ಹೆಚ್ಚು.

ನಿವೃತ್ತಿಯ ದಿನ ಸಹೋದ್ಯೋಗಿಗಳು ಕೊಟ್ಟ ಗ್ಲೋಬ್ ಮನೆಯಲ್ಲಿದೆ. ಮುಂಬೈಯಿಂದ ನ್ಯೂಯಾರ್ಕಿಗೆ ಅದರ ಮೇಲೆ ನೂಲು ಬಿಗಿಹಿಡಿದರೆ ಅದು ಅಫ್ಘಾನಿಸ್ತಾನ, ಕಜಾಕಿಸ್ತಾನಗಳ ಮೇಲೇರಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಬಳಿ ಹಾದು, ಐಸ್‌ಲೆಂಡಿನ ಕಡೆಯಿಂದ ಇಳಿಯುತ್ತದೆ. ನಿಮ್ಮ 12,500 ಈ ನೂಲಿನ ಅಳತೆ. ನೂಲಿಗೆ ಯಾವ ಗಡಿಯೂ ಅಡ್ಡಬರುವುದಿಲ್ಲ, ವಿಮಾನಕ್ಕೆ ಬರುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿದಾಗ ಎಷ್ಟೋ ವಿಮಾನಗಳು ಬಳಸುದಾರಿ ಹಿಡಿಯಬೇಕಾಯಿತು.

ಇಷ್ಟು ಸಣ್ಣ ವಿಷಯಕ್ಕೆ ಪತ್ರವೇಕೆ ಎನ್ನಬಹುದು. ಯಜಮಾನರಿಗೆ ಸಕ್ಕರೆ ಕಾಯಿಲೆ. ಊಟ, ಗುಳಿಗೆ, ಇನ್ಸುಲಿನ್ ಎಲ್ಲವೂ ಗಂಟೆಯ ಲೆಕ್ಕ. ಮೊದಲ ಸಲ ನಾವೂ ಎಲ್ಲೋ ಓದಿದ ಇಂಥದೇ ಒಂದು ಹದಿನಾಲ್ಕನ್ನು ನಂಬಿ ಹೊರಟವರು. ಡೊಂಬಿವಲಿಯಿಂದ ಸಹಾರ್‌ಗೆ ಎರಡೂವರೆ ಗಂಟೆ, ಅಲ್ಲಿ ಮೂರು ಗಂಟೆ ಮುಂಚೆ ಹಾಜರಿ, ಇಳಿದ ಮೇಲೆ ಪಾಸ್‌ಪೋರ್ಟ್ ಸರತಿಯಲ್ಲಿ ಒಂದೂವರೆ. ಹಾರಾಟದ ಹದಿನಾರೂವರೆಯೂ ಸೇರಿ ಒಟ್ಟು ಇಪ್ಪತ್ತಮೂರೂವರೆ ಗಂಟೆ! ಸರತಿಯಲ್ಲೇ ರಕ್ತದ ಸಕ್ಕರೆ ಇಳಿದು ಯಜಮಾನರ ಕೈ ನಡುಗತೊಡಗಿತು. ಮೆಂತ್ಯದ ಲಾಡು, ಬಾಣಂತಿ ಲೇಹ್ಯ ಎಲ್ಲ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಇನ್ನೂ ಎಲ್ಲಿತ್ತೋ. ಮುಂದೆ ನಿಂತಿದ್ದ ಗುಜರಾತಿ ಅಜ್ಜಿಯೊಬ್ಬರು ತಮ್ಮ ಚೀಲದಿಂದ ಎರಡು ಪೆಪ್ಪರಮೆಂಟು ತೆಗೆದುಕೊಟ್ಟರು.

ಇನ್ನು ಮುಂದೆ ಅಂಥ ಚೌಕಟ್ಟಿನಲ್ಲಿ ಹೋಗುವ ಗಂಟೆ, ಬರುವ ಗಂಟೆ ಬೇರೆಬೇರೆಯಾಗಿ ಹಾಕಿ, ಅಲ್ಲಿನ ಗಡಿಯಾರ ನಮಗಿಂತ ಎಷ್ಟು ಹಿಂದೆ ಎಂಬುದನ್ನೂ ಸೇರಿಸಿ. ಜಾಗ ಸಾಲದಿದ್ದರೆ ಪಕ್ಕದ ನಕ್ಷೆಯನ್ನು ತೆಗೆಯಬಹುದು. ಹೇಗೂ ಅದರಲ್ಲಿ ಸಹಾರ್‌ನಿಂದ ಹೊರಟ ವಿಮಾನ ಸಹಾರಾ ಮರುಭೂಮಿಯ ಮೇಲೆ ಹಾರುತ್ತಿದೆ.

— ನಿವೃತ್ತ ಶಿಕ್ಷಕಿ, ಡೊಂಬಿವಲಿ ಪೂರ್ವ