ಸ್ಕ್ಯಾನ್ ನಾರ್ಮಲ್ ಬಂತು ಅಂತ ಹುಡುಗನ್ನ ಕೈಬಿಡಬೇಡಿ

ಸಂಪಾದಕರಿಗೆ ನಮಸ್ಕಾರ,

ಜಾತ್ರೆ ಸೀಸನ್ ಬಂತು, ಶ್ರೀನಿವಾಸಪುರ, ಮುಳಬಾಗಿಲು ಕಡೆ ಊರೂರಲ್ಲೂ ಹೊನಲು ಬೆಳಕಿನ ಕಬಡ್ಡಿ ಬ್ಯಾನರ್ ಎದ್ದಿವೆ. ಪ್ರೈಜ್ ಎಷ್ಟು, ಟ್ರೋಫಿ ಕೊಟ್ಟೋರು ಯಾರು ಅನ್ನೋದೆಲ್ಲ ಫೋಟೋ ಸಮೇತ ಇರತ್ತೆ, ಆಡೋನಿಗೆ ಏಟು ಬಿದ್ರೆ ಯಾರು ನೋಡ್ಕೋತಾರೆ ಅಂತ ಮಾತ್ರ ಒಂದು ಲೈನೂ ಇರಲ್ಲ.

ನಮ್ಮಕ್ಕನ ಮಗ ಒಳ್ಳೇ ರೈಡರ್ ಆಗಿದ್ದ, ಸ್ಪೋರ್ಟ್ಸ್ ಕೋಟಾದಲ್ಲಿ ಪೊಲೀಸ್ ಕೆಲಸದ ಆಸೆ ಇಟ್ಕೊಂಡಿದ್ದ. ಡಿಫೆಂಡರ್ ಮೊಣಕಾಲು ಕಿವಿ ಮೇಲ್ಗಡೆ ಬಡಿದು ಬಿದ್ದ, ತಲೆಗೆ ನೀರು ಹುಯ್ದು, ಸೋಡಾ ಕುಡಿಸಿ ಅದೇ ಮ್ಯಾಚ್‌ಗೆ ಮತ್ತೆ ಇಳಿಸಿದ್ರು, ಅವನೂ ಮರ್ಯಾದೆ ಪ್ರಶ್ನೆ ಅಂತ ಇಳಿದ, ಇನ್ನೊಂದು ಸಲ ಬಿದ್ದ. ಸಿಟಿ ಸ್ಕ್ಯಾನ್ ನಾರ್ಮಲ್ ಬಂತು. ಕನ್ಕಶನ್, ಅಂದ್ರೆ ತಲೆಗೆ ಏಟು ಬಿದ್ದು ಮಿದುಳು ಅಲುಗಾಡಿದಾಗ ಸ್ಕ್ಯಾನ್ ಸಾಮಾನ್ಯವಾಗಿ ಹಂಗೇ ಬರೋದು, ಮೂಳೆ ಮುರಿದಿರಲ್ಲ, ರಕ್ತ ಹೆಪ್ಪುಗಟ್ಟಿರಲ್ಲ, ಆದ್ರೆ ಮಿದುಳಿನ ಕೆಲಸ ಏರುಪೇರಾಗಿರತ್ತೆ. ಇದು ಊರೋರಿಗೆ ಯಾರು ಹೇಳ್ಬೇಕು? ಆಟ ಬಿಟ್ಟು ಟೊಮೇಟೊ ಮಂಡಿಗೆ ಲೆಕ್ಕ ಬರೆಯೋಕೆ ಹೋದ, ಹರಾಜಿನ ಕೂಗಾಟಕ್ಕೆ ತಲೆ ಸಿಡಿಯತ್ತೆ, ಕ್ರೇಟ್ ಎಣಿಸ್ತಾ ಎಣಿಸ್ತಾ ಎಲ್ಲಿದ್ದೆ ಅನ್ನೋದೇ ಮರೆತೋಗತ್ತೆ, ಬಿಸಿಲಿಗೆ ಕಣ್ಣು ಬಿಡೋಕಾಗಲ್ಲ, ಸಣ್ಣ ಮಾತಿಗೂ ರೇಗ್ತಾನೆ. ಮೈ ಮೇಲೆ ಒಂದು ಗಾಯ ಇಲ್ವಲ್ಲ, ಸೋಂಬೇರಿ, ನಾಟಕ ಆಡ್ತಾನೆ ಅಂತಾರೆ. ಕಾಲು ಮುರಿದಿದ್ರೆ ಇದೇ ಜನ ಹಣ್ಣು ತಗೊಂಡು ನೋಡೋಕೆ ಬರ್ತಿದ್ರು.

ದೊಡ್ಡ ಆಟಗಾರರಿಗೂ ಇದು ತಪ್ಪಿಲ್ಲ. ಆಸ್ಟ್ರೇಲಿಯಾದ ಕ್ರಿಕೆಟಿಗ ವಿಲ್ ಪುಕೋವ್‌ಸ್ಕಿ, 2021ರಲ್ಲಿ ಸಿಡ್ನಿಯಲ್ಲಿ ನಮ್ಮ ಮೇಲೆ 62 ಹೊಡೆದಿದ್ನಲ್ಲ, ಅದೇ ಅವನ ಮೊದಲ್ನೇ ಟೆಸ್ಟು, ಕೊನೇದೂ ಅದೇ. ಪದೇ ಪದೇ ತಲೆಗೆ ಏಟು ಬಿದ್ದು, ಡಾಕ್ಟರ್‌ಗಳು ಬೇಡ ಅಂದ್ಮೇಲೆ 2025ರಲ್ಲಿ, 27ನೇ ವಯಸ್ಸಿಗೆ ಆಟ ಬಿಟ್ಟ. ಬಿಟ್ಮೇಲೂ ತಲೆನೋವು, ಸುಸ್ತು ಹೋಗಿಲ್ಲ ಅಂತ ಅವನೇ ಹೇಳಿದಾನೆ. ಇಂಗ್ಲೆಂಡಿನ ರಗ್ಬಿ ಆಟಗಾರ ಸ್ಟೀವ್ ಥಾಂಪ್ಸನ್‌ಗಂತೂ ನಲವತ್ತು ದಾಟೋಷ್ಟರಲ್ಲೇ ಡಿಮೆನ್ಶಿಯಾ ಅನ್ನೋ ಮರೆವಿನ ಕಾಯಿಲೆ, 2003ರ ವರ್ಲ್ಡ್ ಕಪ್ ಗೆದ್ದಿದ್ದೇ ನೆನಪಿಲ್ವಂತೆ. ಕ್ರಿಕೆಟ್‌ನವರು 2019ರಲ್ಲಾದ್ರೂ ಎಚ್ಚೆತ್ಕೊಂಡು ತಲೆಗೆ ಏಟು ಬಿದ್ದೋನ ಬದಲಿಗೆ ಇನ್ನೊಬ್ಬ ಆಡಬಹುದು ಅಂತ ರೂಲ್ ತಂದ್ರು. ನಮ್ಮ ಹಳ್ಳಿ ಅಂಕಣಕ್ಕೆ ಆ ಬುದ್ಧಿ ಯಾವಾಗ ಬರತ್ತೋ.

ವಿಚಿತ್ರ ಏನಂದ್ರೆ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯ ಯೋಜನೆ ಶುರು ಮಾಡಿದಾಗ ಪ್ರಾಯೋಗಿಕವಾಗಿ ಆರಿಸಿಕೊಂಡ ಜಿಲ್ಲೆಗಳಲ್ಲಿ ನಮ್ಮ ಕೋಲಾರ, ಪಕ್ಕದ ಚಿಕ್ಕಬಳ್ಳಾಪುರ ಎರಡೂ ಇದ್ವು, ರಾಯಭಾರಿ ಆಗಿದ್ದೂ ಕ್ರಿಕೆಟಿಗ ರಾಬಿನ್ ಉತ್ತಪ್ಪ. ಕಬಡ್ಡಿ ಆಡೋ ಹುಡುಗರ ಕಿವಿಗೆ ಇದು ಬಿದ್ದೇ ಇಲ್ಲ. ಆ ಯೋಜನೆಯಲ್ಲಿ ತಲೆನೋವು, ಮೂರ್ಛೆ, ಪಾರ್ಶ್ವವಾಯು ನೋಡೋ ಕಡೆ ಆಟದಲ್ಲಿ ಏಟು ತಿಂದೋರನ್ನೂ ತಿಂಗಳಿಗೊಂದು ದಿನ ನೋಡಿ, ಮತ್ತೆ ಯಾವ ಕೆಲಸ ಮಾಡಬಹುದು ಅಂತ ಹೇಳಿ ಒಂದು ಚೀಟಿ ಬರೆದುಕೊಟ್ರೆ ಸಾಕು, ಮನೆಯೋರ ಬಾಯಾದ್ರೂ ಮುಚ್ಚತ್ತೆ.

ಆಯೋಜಕರಿಗೂ ಒಂದು ಮಾತು. ತಲೆಗೆ ಏಟು ಬಿದ್ದೋನು ಅವತ್ತು ಮತ್ತೆ ಅಂಕಣಕ್ಕೆ ಇಳಿಯಂಗಿಲ್ಲ ಅಂತ ಬ್ಯಾನರ್‌ನಲ್ಲೇ ಎಂಟ್ರಿ ಫೀ ಪಕ್ಕ ಹಾಕ್ಸಿ, ಎಂಟ್ರಿ ಫೀ ದುಡ್ಡಲ್ಲಿ ಒಂದು ಪಾಲು ಗಾಯ ಆದೋನ ಚಿಕಿತ್ಸೆಗೆ ಎತ್ತಿಡಿ. ಟ್ರೋಫಿ ಒಂದಡಿ ಗಿಡ್ಡ ಆದ್ರೆ ಯಾರೂ ಬೇಜಾರು ಮಾಡ್ಕೊಳಲ್ಲ.

ಇಂತಿ,
ಒಬ್ಬ ಓದುಗ, ಶ್ರೀನಿವಾಸಪುರ, ಕೋಲಾರ ಜಿಲ್ಲೆ