ಸಿದ್ದಿ ಮಕ್ಕಳ ಗುಂಗುರು ಕೂದಲು ಅಶಿಸ್ತಲ್ಲ

ಮಾನ್ಯ ಸಂಪಾದಕರೇ,

ಹೆಣ್ಣುಮಕ್ಕಳು ಎಣ್ಣೆ ಹಚ್ಚಿ, ಬೈತಲೆ ತೆಗೆದು, ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿಕೊಂಡು ಶಾಲೆಗೆ ಬರಬೇಕೆಂಬ ನಿಯಮವನ್ನು ಶಿಕ್ಷಕಿಯಾಗಿ ನಾನೂ ಬಹಳ ವರ್ಷ ಪಾಲಿಸಿದವಳು. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಐದನೇ ತರಗತಿಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಬಾಲಕಿಯನ್ನು ತಲೆ ಬಾಚಿಲ್ಲವೆಂಬ ಕಾರಣಕ್ಕೆ ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸಿದಾಗ ನಾನು ಸುಮ್ಮನಿದ್ದೆ. ಅಂದು ಬೆಳಿಗ್ಗೆ ಅವಳ ತಾಯಿ ಬಹಳ ಹೊತ್ತು ಕುಳಿತು ಆ ತಲೆಯನ್ನು ಬಾಚಿಯೇ ಕಳುಹಿಸಿದ್ದರೆಂಬುದು ಆಮೇಲೆ ತಿಳಿಯಿತು. ಆ ಸಂಕಟ ಇಂದಿಗೂ ಹೋಗಿಲ್ಲ.

ಆಫ್ರಿಕಾ ಮೂಲದವರ ಕೂದಲೂ ಎಲ್ಲರ ಕೂದಲಿನಂತೆ ಕೆರಾಟಿನ್ ಎಂಬ ಪ್ರೋಟೀನಿನಿಂದಲೇ ಆದದ್ದು. ವ್ಯತ್ಯಾಸವಿರುವುದು ಅದರ ಆಕಾರದಲ್ಲಿ. ನೇರ ಕೂದಲು ಮೊಳೆಯುವ ಕುಳಿ ಚರ್ಮದೊಳಗೆ ನೆಟ್ಟಗಿರುತ್ತದೆ, ಅದರ ಎಳೆಯನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚುಕಡಿಮೆ ಗುಂಡಗೆ ಕಾಣುತ್ತದೆ. ಬಿಗಿ ಗುಂಗುರು ಕೂದಲಿನಲ್ಲಿ ಕುಳಿಯೇ ಬಾಗಿರುತ್ತದೆ, ಎಳೆ ಚಪ್ಪಟೆಯಾಗಿದ್ದು ತಿರುಚಿಕೊಂಡೇ ಹೊರಬರುತ್ತದೆ. ನೆತ್ತಿಯಲ್ಲಿ ಒಸರುವ ಜಿಡ್ಡು ನೇರ ಎಳೆಯಲ್ಲಿ ತುದಿಯವರೆಗೆ ಸಲೀಸಾಗಿ ಹರಡುತ್ತದೆ, ಸುರುಳಿಗಳನ್ನು ಮಾತ್ರ ದಾಟಲಾರದು. ಆದ್ದರಿಂದ ಎಷ್ಟೇ ಆರೈಕೆ ಮಾಡಿದರೂ ಈ ಕೂದಲು ಬೇಗ ಒಣಗುತ್ತದೆ. ಎಳೆಯ ಒಂದೊಂದು ತಿರುವೂ ದುರ್ಬಲವಾದ ಜಾಗವಾಗಿರುವುದರಿಂದ, ಒಣಗಿದ ಕೂದಲಿಗೆ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಎಳೆದರೆ ಅದು ಅಲ್ಲಿಯೇ ತುಂಡಾಗುತ್ತದೆ. ಇಂಥ ಕೂದಲು ಬೆಳೆಯುವುದೇ ಇಲ್ಲವೆಂಬ ಮಾತನ್ನು ಶಿಕ್ಷಕರ ಬಾಯಲ್ಲೇ ಕೇಳಿದ್ದೇನೆ. ಅದು ತಪ್ಪು. ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ, ನೇರ ಕೂದಲಿಗಿಂತ ತುಸು ನಿಧಾನವಾಗಿ ಅದು ಬೆಳೆಯುತ್ತದೆ, ಆದರೆ ಬೆಳೆದ ಉದ್ದವೆಲ್ಲ ಸುರುಳಿಯೊಳಗೆ ಅಡಗಿರುತ್ತದೆ. ಬಿಗಿ ಗುಂಗುರು ಕೂದಲು ಬಿಸಿಲಿನ ತಾಪ ನೆತ್ತಿಗೆ ತಟ್ಟದಂತೆ ಉಳಿದ ಬಗೆಗಳಿಗಿಂತ ಚೆನ್ನಾಗಿ ತಡೆಯುತ್ತದೆಂದು 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಕಂಡುಕೊಂಡಿದೆ. ಎಲ್ಲ ಸಿದ್ದಿಗಳ ಕೂದಲೂ ಒಂದೇ ತೆರನಾಗಿರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಇಂಥ ಕೂದಲನ್ನು ದಿನವೂ ಬಿಗಿಯಾಗಿ ಎಳೆದು ಜಡೆ ಹಾಕಿದರೆ ಹಣೆಯಂಚಿನ ಕೂದಲು ಉದುರತೊಡಗುತ್ತದೆ, ವರ್ಷಗಟ್ಟಲೆ ಹೀಗೆಯೇ ಮುಂದುವರಿದರೆ ಅದು ಮತ್ತೆ ಹುಟ್ಟದೆಯೂ ಹೋಗಬಹುದು. ಅವಮಾನ ತಾಳದೆ ಕೂದಲನ್ನು ನೇರವಾಗಿಸಲು ಹೊರಡುವ ಹದಿಹರೆಯದವರು ಬಳಸುವ ಕ್ರೀಮುಗಳಲ್ಲಿ ಕೆಲವು, ನೆತ್ತಿಯನ್ನು ಸುಡಬಲ್ಲಷ್ಟು ತೀಕ್ಷ್ಣವಾದ ಕ್ಷಾರದಿಂದ ಮಾಡಿದವು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ಹುಟ್ಟುಗೂದಲಿನ ಸ್ವರೂಪದ ಆಧಾರದಲ್ಲಿ ಶಾಲೆ ಮತ್ತು ಉದ್ಯೋಗದಲ್ಲಿ ತಾರತಮ್ಯ ಮಾಡುವುದನ್ನು 2019ರಲ್ಲಿಯೇ ಕಾನೂನಿನ ಮೂಲಕ ನಿಷೇಧಿಸಿತು. ನಮ್ಮಲ್ಲಿ ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳು 2020ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಈ ಮೂರು ಜಿಲ್ಲೆಗಳ ಮಟ್ಟಿಗಾದರೂ ಶಿಕ್ಷಣ ಇಲಾಖೆಯು, ಗುಂಗುರು ಕೂದಲಿನ ಮಕ್ಕಳಿಗೆ ಎರಡು ಜಡೆಯ ಒತ್ತಾಯ ಮಾಡದೆ, ಕೂದಲನ್ನು ಗಿಡ್ಡವಾಗಿ ಬಿಡಲು ಅಥವಾ ಸಡಿಲವಾಗಿ ಕಟ್ಟಿಕೊಳ್ಳಲು ಅವಕಾಶ ಕೊಡಬೇಕೆಂಬ ಸುತ್ತೋಲೆ ಹೊರಡಿಸಬೇಕು. ವಸತಿ ಶಾಲೆಗಳ ಮಕ್ಕಳಿಗೆ ಅಗಲ ಹಲ್ಲಿನ ಬಾಚಣಿಗೆಯನ್ನೂ ಸಾಕಷ್ಟು ಕೊಬ್ಬರಿ ಎಣ್ಣೆಯನ್ನೂ ಒದಗಿಸಿ, ಕೂದಲು ತೇವವಿರುವಾಗಲೇ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸುವ ಕ್ರಮವನ್ನು ವಾರ್ಡನ್‌ಗಳಿಗೆ ಸಿದ್ದಿ ತಾಯಂದಿರಿಂದಲೇ ಹೇಳಿಸಿಕೊಡಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಶಿಕ್ಷಕಿ, ಯಲ್ಲಾಪುರ